ಗೋಡೆ ಹಿಂದಕ್ಕೆ ಬಿದ್ದ ಬೆಳಕು

ಬೇಸಿಗೆ ನೆತ್ತಿಗೇರಿತ್ತು. ಬೆಳಿಗ್ಗೆ ಹನ್ನೊಂದಕ್ಕೆಲ್ಲ ತಗಡಿನ ಶೆಡ್ಡಿನೊಳಗೆ ಕಾದ ಹೆಂಚಿನ ಮೇಲೆ ಕೂತ ಹಾಗಾಗುತ್ತಿತ್ತು. ಆದರೂ ಫ್ಯಾನು ಹಾಕುವಂತಿರಲಿಲ್ಲ. ಫ್ಯಾನು ತಿರುಗಿದರೆ ದೂಳು ಹಾರಿ ದೀಪದ ಗಾಜಿನೊಳಗೆ ಕೂರುತ್ತದೆ, ಹತ್ತಿಸಿದಾಗ ಒಂದೊಂದು ಕಣವೂ ನೊಣದಷ್ಟಾಗಿ ಕಾಣುತ್ತದೆ. ಅದಕ್ಕೇ ಮೇಸ್ತ್ರಿ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದ. ಏಳು ಜನ ಹೆಂಗಸರು ಉದ್ದ ಮೇಜಿನ ಎರಡು ಬದಿಗೆ ಕೂತು, ಹಣೆಗೆ ಬಟ್ಟೆ ಕಟ್ಟಿಕೊಂಡು, ಬೀದಿ ದೀಪ ಜೋಡಿಸುತ್ತಿದ್ದರು.

ಮೊದಲನೆಯವಳು ಅಲ್ಯೂಮಿನಿಯಂ ಡಬ್ಬಿಗೆ ಬೆರಳಿನಿಂದ ಬಿಳಿ ಅಂಟು ಸವರುತ್ತಾಳೆ. ಎರಡನೆಯವಳು ಬೆಳಕು ಕೊಡುವ ಎಲ್ಇಡಿ ಚಿಪ್ಪುಗಳಿರುವ ಹಲಗೆ ಕೂರಿಸುತ್ತಾಳೆ. ಮೂರನೆಯವಳು ವೈರು ಬೆಸೆಯುತ್ತಾಳೆ. ನಾಲ್ಕನೆಯವಳು ಅದರ ಮೇಲೆ ಲೆನ್ಸಿನ ತಟ್ಟೆ ಇಟ್ಟು ನಾಲ್ಕು ಮೂಲೆಗೂ ತಿರುಪು ಬಿಗಿಯುತ್ತಾಳೆ. ಒಂಬತ್ತು ವರ್ಷದಿಂದ ಅದೇ ಕೆಲಸ ಮಾಡಿದ್ದರಿಂದ ಅವಳಿಗೆ ಲೆನ್ಸಕ್ಕ ಅಂತಲೇ ಹೆಸರು. ಅವಳ ಬಲಗೈ ಹೆಬ್ಬೆರಳು ತಿರುಪುಳಿ ತಿರುಗಿಸಿ ತಿರುಗಿಸಿ ಸೊಟ್ಟಗಾಗಿತ್ತು. ಪಕ್ಕದಲ್ಲಿ ಗಾಜು ಒರೆಸುವ ಅಜ್ಜಿ. ಮಳೆ, ಹುಳ ಒಳಗೆ ಹೋಗದ ಹಾಗೆ ರಬ್ಬರಿನ ಬಳೆ ಕೂರಿಸಿ ಗಾಜು ಮುಚ್ಚುವುದು ಅವಳ ಪಾಲು.

ಎಲ್ಲರ ನೀರಿನ ಬಾಟಲಿ ಮೇಜಿನ ಕೆಳಗಿತ್ತು. ಲೆನ್ಸಕ್ಕನದು ಮಾತ್ರ ಹೊರಗೆ, ಕಟ್ಟೆಯ ಮೇಲೆ, ಬಿಸಿಲಲ್ಲಿ. ಸಂಜೆ ಹೊರಡುವಾಗ ಎಲ್ಲರ ಚೀಲವನ್ನು ಕಾವಲಿನವ ಕಣ್ಣಲ್ಲಿ ನೋಡಿ ಬಿಡುತ್ತಿದ್ದ. ಅವಳ ಚೀಲಕ್ಕೆ ಮಾತ್ರ ಕೈ ಹಾಕುತ್ತಿದ್ದ. ಅವಳು ಗೋಡೆ ಹಿಂದಿನವಳು.

ಊರಂಚಿನಲ್ಲಿ ಒಂದು ಹೊಸ ಬಡಾವಣೆ. ಬಡಾವಣೆಯ ಬೆನ್ನಿಗೆ ಒಂದೂವರೆ ಆಳೆತ್ತರದ ಗೋಡೆ. ಗೋಡೆಯ ಬುಡಕ್ಕೆ ತೆರೆದ ಮೋರಿ, ಮೋರಿಯ ಅಂಚಿನಲ್ಲೇ ಒಬ್ಬರು ನಡೆಯುವಷ್ಟು ಓಣಿ, ಓಣಿಗೆ ಬಾಗಿಲಿಟ್ಟ ಮನೆಗಳು. ಬಡಾವಣೆಯ ಕಸ ಎತ್ತುವವರು, ಕಕ್ಕಸಿನ ಗುಂಡಿ ಬಳಿಯುವವರು, ನೆಲ ಒರೆಸುವವರು ಅಲ್ಲಿರುತ್ತಾರೆ. ಬೆಳಿಗ್ಗೆ ಗೇಟು ಸುತ್ತಿಕೊಂಡು ಗೋಡೆಯ ಆಚೆ ಹೋಗುತ್ತಾರೆ, ಸಂಜೆ ಈಚೆ ಬರುತ್ತಾರೆ. ಬಂದಾಗ ಕತ್ತಲು. ಕಂಬ ಹಾಕಿ ಅಂತ ಹನ್ನೊಂದು ಸಲ ಅರ್ಜಿ ಕೊಟ್ಟಿದ್ದರು. ಆ ಓಣಿ ನಕ್ಷೆಯಲ್ಲೇ ಇಲ್ಲ ಅಂತ ಹನ್ನೊಂದು ಸಲ ಉತ್ತರ ಬಂದಿತ್ತು.

ಆ ದಿನ ಬಡಾವಣೆಯ ಕಾರ್ಯದರ್ಶಿ ದೀಪ ಆಯ್ಕೆ ಮಾಡಲು ಶೆಡ್ಡಿಗೇ ಬಂದ. ಕಾರಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ನಿಂತ. ಶೆಡ್ಡಿನ ಓನರ್ ಕಪಾಟಿನಿಂದ ಒಂದೊಂದೇ ದೀಪ ಇಳಿಸಿ ತೋರಿಸಿದ.

"ಇದು ಗೋಳದ ದೀಪ ಸಾರ್. ನೋಡೋಕೆ ಚೆಂದ. ಆದ್ರೆ ಅರ್ಧ ಬೆಳಕು ಆಕಾಶಕ್ಕೆ ಹೋಗುತ್ತೆ."

"ಆಕಾಶದಲ್ಲಿ ನಮ್ಮ ಸದಸ್ಯರು ಯಾರೂ ಇಲ್ಲ. ಬೇಡ."

"ಇದು ಮೈದಾನದ್ದು."

"ಮನೆ ಮುಂದೆ ಇದನ್ನ ಹಾಕಿದ್ರೆ ನನ್ನ ಹೆಂಡತಿ ನನ್ನನ್ನೇ ಕಂಬಕ್ಕೆ ಏರಿಸ್ತಾಳೆ ಕಣ್ರೀ."

ಓನರ್ ನಕ್ಕ. ಮೇಸ್ತ್ರಿಯೂ ನಕ್ಕ. ಕೊನೆಗೆ ಚಪ್ಪಟೆ ದೀಪ ಇಳಿಯಿತು. ಬಣ್ಣ ಹಾಲಿನ ಹಾಗೆ ಬಿಳಿ ಬೇಡ, ಆಸ್ಪತ್ರೆಯ ಹಾಗೆ ಕಾಣುತ್ತೆ, ಸ್ವಲ್ಪ ಹಳದಿ ಇರಲಿ ಎಂದಾಯಿತು. ಎಲ್ಲ ಕಂಬದ ಬಣ್ಣವೂ ಒಂದೇ ಇರಬೇಕು ಎಂದಾಯಿತು.

"ಇದರ ಲೆನ್ಸು ಬೆಳಕನ್ನ ರಸ್ತೆ ಕಡೆಗೇ ತಳ್ಳುತ್ತೆ ಸಾರ್," ಓನರ್ ಅಂದ. "ಕಂಬದ ಹಿಂದಕ್ಕೆ ಒಂದು ಹನಿ ಬೀಳಲ್ಲ."

"ಅದೇ ಬೇಕು. ಗೋಡೆ ಪಕ್ಕದ ರಸ್ತೆಗೆ ಹನ್ನೆರಡು ಕಂಬ ಬರುತ್ತೆ. ಗೋಡೆ ಹಿಂದೆ ಮಾತ್ರ ಬೆಳಕು ಬೀಳಬಾರದು. ಇವತ್ತು ಬೆಳಕು ಕೊಟ್ರೆ ನಾಳೆ ರಸ್ತೆ ಕೇಳ್ತಾರೆ, ನಾಡಿದ್ದು ಹಕ್ಕುಪತ್ರ ಕೇಳ್ತಾರೆ. ಕತ್ತಲಲ್ಲಿದ್ರೆ ತಾವಾಗೇ ಖಾಲಿ ಮಾಡ್ಕೊಂಡು ಹೋಗ್ತಾರೆ."

ಮೇಸ್ತ್ರಿ ಕೆಮ್ಮಿದ. ಲೆನ್ಸಕ್ಕ ಮೂರು ಮಾರು ದೂರದಲ್ಲೇ ಕೂತಿದ್ದಳು.

"ಯಾಕ್ರೀ ಕೆಮ್ಮು?"

"ದೂಳು ಸಾರ್."

ಲೆನ್ಸಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ತಿರುಪು ಬಿಗಿದಳು. ಇನ್ನೊಂದು ತೆಗೆದುಕೊಂಡಳು. ಗಾಜಿನ ಅಜ್ಜಿ ಮೇಜಿನ ಕೆಳಗೆ ಕಾಲಿನಿಂದ ಅವಳ ಕಾಲನ್ನು ತಟ್ಟಿದಳು. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಎರಡು ವರ್ಷದಿಂದ ಅವಳಿಗೆ ಯಾವುದೂ ನೆಟ್ಟಗೆ ನಾಟುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವಳ ತಂಗಿ ಮೋರಿಗೆ ಬಿದ್ದಿದ್ದಳು. ಅಕ್ಕತಂಗಿಯರ ಮನೆ ಅಕ್ಕಪಕ್ಕ. ಓಣಿಯ ಕೊನೆಯಲ್ಲಿ ನಲ್ಲಿ. ಸಂಜೆ ಏಳಕ್ಕೆ ನೀರು ಬಂದರೆ ಎಂಟಕ್ಕೆ ನಿಲ್ಲುತ್ತಿತ್ತು. ಮಳೆಗಾಲ, ಏಳು ತಿಂಗಳ ಬಸುರಿ, ಸೊಂಟದಲ್ಲಿ ಕೊಡ. ಅಂಚು ಎಲ್ಲಿ ಮುಗಿಯಿತು, ಮೋರಿ ಎಲ್ಲಿ ಶುರುವಾಯಿತು ಕಾಣಲಿಲ್ಲ. ಎತ್ತುವಾಗ ಲೆನ್ಸಕ್ಕನೇ ಮೋರಿಗೆ ಇಳಿದಿದ್ದಳು. ಮಗು ಉಳಿಯಲಿಲ್ಲ. ಅಂದಿನಿಂದ ತಂಗಿ ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಿರಲಿಲ್ಲ. ಎರಡೂ ಮನೆಯ ನೀರನ್ನು ಶೆಡ್ಡಿನಿಂದ ಬಂದ ಮೇಲೆ ಲೆನ್ಸಕ್ಕನೇ ಹೊರುತ್ತಿದ್ದಳು. ಕಾಲಿನಿಂದ ಅಂಚು ತಡವಿ ತಡವಿ ಹೊರುತ್ತಿದ್ದಳು. ಈ ಸುದ್ದಿಯನ್ನು ಅವಳು ಶೆಡ್ಡಿನಲ್ಲಿ ಯಾರಿಗೂ ಹೇಳಿರಲಿಲ್ಲ. ಆ ದಿನ ರಜೆ ಯಾಕೆ ಅಂತ ಕೇಳಿದಾಗ ಹೊಟ್ಟೆನೋವು ಅಂದಿದ್ದಳು.

ಬಡಾವಣೆಗೆ ಒಟ್ಟು ಅರವತ್ತು ದೀಪ. ಒಳ ರಸ್ತೆಗಳಿಗೆ ನಲವತ್ತೆಂಟು, ಗೋಡೆ ಪಕ್ಕಕ್ಕೆ ಹನ್ನೆರಡು. ನಲವತ್ತೆಂಟಕ್ಕೆ ಒಳ್ಳೆಯ ಲೆನ್ಸು ಮುಗಿಯಿತು. ಮತ್ತೆ ಅದೇ ಕಂಪನಿಗೆ ಹೇಳಿದರೆ ಐನೂರು ಲೆನ್ಸಿಗಿಂತ ಕಡಿಮೆ ಕೊಡುವುದಿಲ್ಲ. ಓನರ್ ಲೆಕ್ಕ ಹಾಕಿದ. ಮೇಸ್ತ್ರಿಯ ಜೇಬಿಗೆ ಹಳೆಯ ಲೆನ್ಸು ಒಂದನ್ನು ಹಾಕಿ ಬಿಡಿಭಾಗದ ಮಾರ್ಕೆಟ್ಟಿಗೆ ಅಟ್ಟಿದ.

"ಇದೇ ಥರದ್ದು ತಗೊಂಡು ಬಾ. ಹನ್ನೆರಡು ಸಾಕು. ಗೋಡೆ ಪಕ್ಕದಲ್ಲಿ ಯಾರು ನೋಡ್ತಾರೆ?"

ಮೇಸ್ತ್ರಿ ಸಂಜೆ ಬಂದ. ತಂದದ್ದು ನೋಡಲು ಅದೇ ಥರ ಇತ್ತು. ಅಳತೆ ಅದೇ, ತಿರುಪಿನ ತೂತು ಅದೇ. ಹಳೆಯದರ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತಿರುತ್ತಿತ್ತು, ಬಾಣ ರಸ್ತೆ ಕಡೆ ಇರಬೇಕು. ಇದರಲ್ಲಿ ಬಾಣ ಇರಲಿಲ್ಲ.

"ಮೇಸ್ತ್ರಿ, ಇದರಲ್ಲಿ ರಸ್ತೆ ಯಾವ ಕಡೆ?"

"ತೂತು ಎರಡೂ ಕಡೆ ಹೊಂದುತ್ತಲ್ಲಕ್ಕ. ಹಾಕು."

"ಹೊಂದುತ್ತೆ. ಅದಕ್ಕೇ ಕೇಳಿದ್ದು."

"ಒಂಬತ್ತು ವರ್ಷ ಆಯ್ತು, ನನ್ನನ್ನ ಕೇಳ್ತೀಯಾ? ನಿನ್ನ ಬೆರಳಿಗೇ ಗೊತ್ತಿರುತ್ತೆ. ನಾಳೆ ಲಾರಿ ಬರುತ್ತೆ, ಬೇಗ ಬೇಗ."

ಅವಳ ಬೆರಳಿಗೆ ಗೊತ್ತಿತ್ತು. ಲೆನ್ಸಿನ ಗುಳ್ಳೆಯ ಒಂದು ಬದಿ ಉಬ್ಬಿರುತ್ತದೆ, ಇನ್ನೊಂದು ಬದಿ ಜಾರಿರುತ್ತದೆ. ಬಾಣ ನೋಡುವ ಮೊದಲೇ ಅವಳ ಹೆಬ್ಬೆರಳು ಉಬ್ಬನ್ನು ಹುಡುಕುತ್ತಿತ್ತು. ಉಬ್ಬು ಯಾವ ಕಡೆಯೋ ರಸ್ತೆ ಆ ಕಡೆ. ಒಂಬತ್ತು ವರ್ಷ ಅದು ತಪ್ಪಿರಲಿಲ್ಲ. ಈ ಹನ್ನೆರಡಕ್ಕೂ ಅವಳು ಬೆರಳನ್ನೇ ನಂಬಿದಳು. ಹೊಸ ಲೆನ್ಸು ಬೇರೆ ಅಚ್ಚಿನದು, ಅದರಲ್ಲಿ ಉಬ್ಬು ಹಿಂದಕ್ಕೆ ಬರಬೇಕು ಅಂತ ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಮೇಸ್ತ್ರಿಗೂ ಗೊತ್ತಿರಲಿಲ್ಲ. ಮೇಜಿನ ಮೇಲೆ ಹತ್ತಿಸಿ ನೋಡಿದರು. ಹತ್ತಿತು. ಅಷ್ಟೇ ಪರೀಕ್ಷೆ.

ದೀಪ ಕಂಬಕ್ಕೇರಿದ ಸಂಜೆ ಲೆನ್ಸಕ್ಕ ಆಗಷ್ಟೇ ಮನೆಗೆ ಬಂದು ಒಲೆ ಹಚ್ಚಿದ್ದಳು. ಇದ್ದಕ್ಕಿದ್ದ ಹಾಗೆ ಗೋಡೆಯ ಮೇಲಿನಿಂದ ಬೆಳಕು ಸುರಿಯಿತು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸುರಿಯಿತು.

ಓಣಿಯವರು ಹಿಗ್ಗಲಿಲ್ಲ. ಹೆದರಿದರು. ಹಿಂದೊಮ್ಮೆ ಮನೆ ಕೀಳಲು ಬಂದವರೂ ಹೀಗೇ ಬೆಳಕು ಬಿಟ್ಟಿದ್ದರು. ದಡದಡ ಬಾಗಿಲು ಮುಚ್ಚಿದವು. ಒಲೆಗೆ ನೀರು ಬಿತ್ತು. ಯಾರೋ ಪಾತ್ರೆಪಗಡಿಯನ್ನು ಚೀಲಕ್ಕೆ ತುಂಬುವ ಸದ್ದು ಕೇಳಿತು. ಅರ್ಧ ಗಂಟೆ ಹಾಗೇ ಕೂತರು. ಯಂತ್ರದ ಸದ್ದು ಬರಲಿಲ್ಲ. ಕೋಲಿನವರು ಬರಲಿಲ್ಲ.

ಮೊದಲು ಹೊರಗೆ ಬಂದವಳು ಲೆನ್ಸಕ್ಕ. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ನೆಲದ ಮೇಲೆ ಬಿದ್ದ ಬೆಳಕಿನ ಆಕಾರ ನೋಡಿದಳು. ಉದ್ದಕ್ಕೆ, ಎಲೆಯ ಹಾಗೆ, ಅಂಚು ಕತ್ತರಿಸಿಟ್ಟ ಹಾಗೆ. ಅದು ರಸ್ತೆಯ ಮೇಲೆ ಬೀಳಬೇಕಾದ ಬೆಳಕು. ಗೋಡೆಯ ಆಚೆ ಕತ್ತಲಾಗಿರಬೇಕು. ಕೈಯ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡಳು. ಒಳಗೆ ಹೋದಳು. ಆರಿದ ಒಲೆ ಮತ್ತೆ ಹಚ್ಚಿದಳು.

ಆಮೇಲೆ ಪಕ್ಕದ ಮನೆಯ ಬಾಗಿಲು ಸದ್ದಾಯಿತು. ತಂಗಿ ಹೊಸ್ತಿಲ ಮೇಲೆ ನಿಂತಿದ್ದಳು. ಕಂಕುಳಲ್ಲಿ ಕೊಡ. ಮೋರಿಯನ್ನೇ ನೋಡುತ್ತಿದ್ದಳು.

"ಅಕ್ಕಾ."

"ಏನೇ?"

"ಇಷ್ಟೇ ಅಗಲ ಇತ್ತಾ ಇದು? ನಾನು ಬಾವಿ ಅಂದ್ಕೊಂಡಿದ್ದೆ."

ಮೋರಿ ಎರಡಡಿ ಅಗಲವಿತ್ತು. ತಂಗಿ ಅಂಚು ಹಿಡಿದು ನಲ್ಲಿಯವರೆಗೆ ನಡೆದಳು. ತುಂಬಿದ ಕೊಡ ಹೊತ್ತು ಬಂದಳು. ಇಳಿಸಿ, ಇನ್ನೊಂದು ಕೊಡ ತೆಗೆದುಕೊಂಡು ಮತ್ತೆ ಹೋದಳು. ಮನೆಯಲ್ಲಿ ಪಾತ್ರೆ ತುಂಬಿ, ಲೋಟ ತುಂಬಿ, ಇನ್ನು ತುಂಬಲು ಏನೂ ಇಲ್ಲದಿದ್ದಾಗಲೂ ಒಂದು ಸಲ ಹೋಗಿ ಬಂದಳು.

ಹನ್ನೊಂದು ದಿನ ಹಾಗೆ ನಡೆಯಿತು. ಹೆಂಗಸರು ಹೊರಗೆ ಕೂತು ತಲೆ ಬಾಚಿದರು. ಗುಂಡಿ ಬಳಿದು ಬಂದ ಗಂಡಸರು ಬೆಳಕಲ್ಲಿ ಉಗುರಿನ ಸಂದಿ ನೋಡಿ ನೋಡಿ ತೊಳೆದುಕೊಂಡರು. ದೀಪ ಹಾಕಿಸಿದ್ದು ಲೆನ್ಸಕ್ಕನೇ, ಶೆಡ್ಡಿನ ಓನರಿಗೆ ಹೇಳಿ ತಿರುಗಿಸಿ ಇಡಿಸಿದ್ದಾಳೆ ಅಂತ ಓಣಿಯಲ್ಲಿ ಮಾತು ಹಬ್ಬಿತು.

ಹನ್ನೆರಡನೆಯ ದಿನ ಕಾರ್ಯದರ್ಶಿಯ ಕಾರು ಶೆಡ್ಡಿನ ಬಾಗಿಲಿಗೇ ಬಂದು ನಿಂತಿತು.

"ನನ್ನ ರಸ್ತೆ ಕತ್ತಲು! ಅಲ್ಲಿ ಆ ಕೊಳಕರ ಓಣಿ ಮದುವೆಮನೆ ಥರ ಬೆಳಗ್ತಾ ಇದೆ! ದುಡ್ಡು ನಮ್ಮದು, ದೀಪ ಅವರಿಗಾ?"

ಓನರಿನ ಬಣ್ಣ ಇಳಿಯಿತು. ದೀಪ ಬಿಚ್ಚಿ ನೋಡಿದರೆ ಲೆನ್ಸು ಬೇರೆ ಅನ್ನುವುದು ಗೊತ್ತಾಗುತ್ತದೆ. ಗೊತ್ತಾದರೆ ಅರವತ್ತು ದೀಪದ ಬಿಲ್ಲೂ ಕೈಬಿಡುತ್ತದೆ. ಅವನು ಮೇಜಿನ ಕಡೆ ಬೆರಳು ತೋರಿಸಿದ.

"ಇವಳು ಆ ಓಣಿಯವಳೇ ಸಾರ್. ಬೇಕೂ ಅಂತಲೇ ತಿರುಗಿಸಿ ಹಾಕಿದ್ದಾಳೆ."

ಕಾರ್ಯದರ್ಶಿ ಲೆನ್ಸಕ್ಕನ ಕಡೆ ಮೊದಲ ಸಲ ನೋಡಿದ.

"ಶೆಡ್ಡಿನೊಳಗೆ ಬಿಟ್ಕೊಂಡಿದ್ದೇ ನಿಮ್ಮ ತಪ್ಪು ಕಣ್ರೀ. ಚೀಲದಲ್ಲಿ ಕದಿಯೋರನ್ನ ನೋಡಿದ್ದೆ. ಕಂಬದಿಂದ ಬೆಳಕು ಕದಿಯೋರನ್ನ ಇವತ್ತೇ ನೋಡಿದ್ದು."

"ಏಳು, ನಿಂತ್ಕೋ," ಓನರ್ ಅಂದ. ಅವಳು ನಿಂತಳು. "ತಲೆ ಬಗ್ಗಿಸಿ ನಿಂತ್ರೆ ಆಯ್ತಾ? ಬೇಕೂ ಅಂತ ಮಾಡಿದೆ ಅಂತ ಬರೆದು ಕೊಡು. ನಾಳೆ ನೀನೇ ಹತ್ತಿ ಹನ್ನೆರಡನ್ನೂ ತಿರುಗಿಸು. ಮಾಡಿದ್ರೆ ಕೆಲಸ ಇರುತ್ತೆ."

ಮೇಸ್ತ್ರಿ ಗೋಡೆ ನೋಡುತ್ತಿದ್ದ. ಅವನು ತಂದ ಲೆನ್ಸು. ಅವಳು ಅವನ ಬೆನ್ನು ನೋಡಿದಳು.

"ಆಗಲಿ," ಅಂದಳು.

ಓನರ್ ಹೋದ ಮೇಲೆ ಮೇಸ್ತ್ರಿ ಹತ್ತಿರ ಬಂದು ಪಿಸುಗುಟ್ಟಿದ. "ತಪ್ಪಾಯ್ತು ಅಂದ್ಬಿಡಕ್ಕ. ಒಂದು ಕಾಗದ ತಾನೇ. ನಂಗೂ ಮಕ್ಕಳಿವೆ."

ಗಾಜಿನ ಅಜ್ಜಿ ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ಮಕ್ಕಳಿರೋದು ನಿನಗೊಬ್ಬನಿಗೇ ಕಣೋ," ಅಂದಳು. "ನಾವೆಲ್ಲ ಬಂಜೆಯರು."

ಮರುದಿನ ಬಿಸಿಲೇರುವ ಹೊತ್ತಿಗೆ ಬುಟ್ಟಿಯಿರುವ ಲಾರಿ ಗೋಡೆ ಪಕ್ಕದ ರಸ್ತೆಗೆ ಬಂತು. ಗೇಟಿನ ಹತ್ತಿರದ ಮೊದಲ ಕಂಬದ ಬುಡದಲ್ಲಿ ಓನರ್, ಕಾರ್ಯದರ್ಶಿ, ಮೇಸ್ತ್ರಿ ನಿಂತರು. ಲೆನ್ಸಕ್ಕ ಬುಟ್ಟಿಯಲ್ಲಿ ನಿಂತಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಬುಟ್ಟಿ ಮೇಲೇರಿತು.

ಗಾಜು ಬಿಚ್ಚಿದಳು. ಒಂದು ತಿರುಪು ಸಡಿಲಿಸಿದಳು. ಎರಡನೆಯದು ಸಡಿಲಿಸಿದಳು. ಮೂರನೆಯದಕ್ಕೆ ಕೈ ಹಾಕಿದಾಗ ಗೋಡೆಯ ಆಚೆ ಕಣ್ಣು ಹೋಯಿತು. ಅಷ್ಟು ಎತ್ತರದಿಂದ ಅವಳು ಓಣಿಯನ್ನು ಯಾವತ್ತೂ ನೋಡಿರಲಿಲ್ಲ. ಗಾಯಕ್ಕೆ ಹಾಕಿದ ಹೊಲಿಗೆಯ ಹಾಗೆ ಸಣ್ಣ ಸಣ್ಣ ಬಾಗಿಲುಗಳು. ಕಪ್ಪು ಮೋರಿ. ತಂಗಿ ಹೊರಗೆ ಕೂತು ಬಟ್ಟೆ ಒಗೆಯುತ್ತಿದ್ದಳು. ಮೇಲೆ ನೋಡಿ, ಅಕ್ಕನೆಂದು ಗುರುತು ಹಿಡಿದು, ಸೋಪಿನ ಕೈ ಎತ್ತಿದಳು. ದೀಪ ಇನ್ನೂ ಗಟ್ಟಿ ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು.

ಲೆನ್ಸಕ್ಕನಿಗೆ ಸಿಟ್ಟು ಬರಲಿಲ್ಲ. ಅಳು ಬರಲಿಲ್ಲ. ಕೈ ಮಾತ್ರ ತಾನಾಗಿ ಹಿಂದಕ್ಕೆ ತಿರುಗಿತು. ಸಡಿಲಿಸಿದ ಎರಡು ತಿರುಪನ್ನೂ ಮತ್ತೆ ಬಿಗಿದಳು. ರಬ್ಬರು ಕೂರಿಸಿದಳು. ಗಾಜು ಮುಚ್ಚಿದಳು.

"ಇಳಿಸಿ."

ಬುಟ್ಟಿ ಇಳಿಯಿತು.

"ಆಯ್ತಾ?" ಓನರ್ ಕೇಳಿದ.

"ಇಲ್ಲ."

"ಮತ್ತೆ?"

"ಸರಿಯಾಗೇ ಇದೆ. ತಿರುಗಿಸಲ್ಲ."

"ತಲೆ ಕೆಟ್ಟಿದೆಯಾ ನಿಂಗೆ? ತಪ್ಪು ಹಾಕಿದ್ದೀನಿ ಅಂತ ನೀನೇ ಒಪ್ಪಿದ್ದೆ!"

"ಹಾಕುವಾಗ ತಪ್ಪೇ ಆಗಿತ್ತು. ಬಾಣ ಇಲ್ಲದ ಲೆನ್ಸು ತಂದಿದ್ರು, ನನ್ನ ಬೆರಳು ಮೋಸ ಹೋಯ್ತು." ಕಾರ್ಯದರ್ಶಿ ಓನರಿನ ಕಡೆ ತಿರುಗಿದ. ಓನರ್ ಕರವಸ್ತ್ರ ತೆಗೆದ. ಲೆನ್ಸಕ್ಕ ಮುಂದುವರಿಸಿದಳು. "ಹನ್ನೊಂದು ದಿನ ನೋಡಿದೆ. ಅಲ್ಲಿ ಬೀಳಬೇಕಾದ್ದೇ ಅದು. ನಿಮ್ಮ ರಸ್ತೆಯಲ್ಲಿ ಕಾರಿಗೆ ಕಣ್ಣಿದೆ. ನಮ್ಮ ಕೊಡಕ್ಕೆ ಕಣ್ಣಿಲ್ಲ. ನನ್ನ ತಂಗಿ ಅಲ್ಲಿ ಬಿದ್ದು ಮಗು ಕಳ್ಕೊಂಡ್ಳು. ನಾನೇ ಎತ್ತಿದ್ದು. ಇದೇ ಕೈ. ಈ ಕೈಯಿಂದ ತಿರುಗಿಸಲ್ಲ."

"ಇದನ್ನೆಲ್ಲ ನನ್ನ ಹತ್ತಿರ ಯಾಕೆ ಹೇಳ್ತೀಯ?" ಕಾರ್ಯದರ್ಶಿ ಅಂದ.

"ನೀವೇ ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೆ ಹೇಳಿದೆ."

"ಕಾಗದಕ್ಕಾದ್ರೂ ಸಹಿ ಹಾಕಿ ಹೋಗು," ಓನರ್ ಅಂದ. "ಇಲ್ಲಾಂದ್ರೆ ಈ ತಿಂಗಳ ಹತ್ತೊಂಬತ್ತು ದಿನದ ಕೂಲಿ ಮರೆತುಬಿಡು."

ಅವಳು ತಿರುಪುಳಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟಳು. ಅವನು ಅದನ್ನು ಬಿಸಿ ಕೆಂಡದ ಹಾಗೆ ಹಿಡಿದುಕೊಂಡ. ಅವಳು ಗೇಟು ಸುತ್ತಿಕೊಂಡು ಮನೆಗೆ ನಡೆದಳು. ಬಡಾವಣೆಯ ಗೇಟಿನವನು, ಓಣಿಯವರ ಚೀಲ ತಡಕುವ ಅಭ್ಯಾಸಬಲದಿಂದ, ಅವಳ ಚೀಲಕ್ಕೆ ಕೈ ಹಾಕಿದ. ಒಳಗೆ ಏನೂ ಇರಲಿಲ್ಲ.

ಮೇಸ್ತ್ರಿಯೇ ಹತ್ತಿದ. ಅವನಿಗೆ ಎತ್ತರದ ಭಯ. ದಿನಕ್ಕೆ ಮೂರು ಕಂಬಕ್ಕಿಂತ ಹೆಚ್ಚು ಆಗಲಿಲ್ಲ. ಮೊದಲ ಸಂಜೆ ಗೇಟಿನ ಕಡೆಯಿಂದ ಮೂರು ಕಂಬದಷ್ಟು ಓಣಿ ಕತ್ತಲಾಯಿತು. ಕತ್ತಲಾದ ಮನೆಯವರು ಬಂದು ಲೆನ್ಸಕ್ಕನ ಬಾಗಿಲಲ್ಲಿ ಕೂತರು. ಯಾರೂ ಅವಳನ್ನು ಬೈಯಲಿಲ್ಲ. ನಲ್ಲಿಯ ಕಡೆ ಇನ್ನೂ ಒಂಬತ್ತು ದೀಪ ಉರಿಯುತ್ತಿದ್ದವು.

"ಇನ್ನು ಮೂರೇ ಸಂಜೆ," ಲೆನ್ಸಕ್ಕ ಅಂದಳು. ಎದ್ದು ಹೋಗಿ ಗೋಡೆಯ ತಲೆಯನ್ನು ನೋಡಿದಳು. ಗೋಡೆಯುದ್ದಕ್ಕೂ ಮಳೆ ಇಳಿಯದ ಹಾಗೆ ಚಪ್ಪಡಿ ಹೊದಿಸಿದ್ದರು. ಮೂರಡಿ ಉದ್ದ, ಅಡಿ ಅಗಲ. "ಮೋರಿ ಎರಡೇ ಅಡಿ."

ಗುಂಡಿ ಬಳಿಯುವವನೊಬ್ಬ ಅವಳ ಮುಖ ನೋಡಿದ. ಗೋಡೆ ನೋಡಿದ. ಎದ್ದು ಹೋಗಿ ಹಾರೆ ತಂದ.

ಕಸದ ಗಾಡಿಯನ್ನು ಮೋರಿಗೆ ಅಡ್ಡ ನಿಲ್ಲಿಸಿದರು. ಇಬ್ಬರು ಹತ್ತಿ ಹಾರೆಯಿಂದ ಚಪ್ಪಡಿ ಮೀಟಿದರು. ಕೆಳಗೆ ನಾಲ್ವರು ಹೆಗಲು ಕೊಟ್ಟು ಇಳಿಸಿಕೊಂಡರು. ಚರ್ಮ ಸುಲಿಯಿತು. ಒಬ್ಬನ ಕಾಲಬೆರಳು ಜಜ್ಜಿತು. ಅವನು ಅದಕ್ಕೆ ಬಟ್ಟೆ ಸುತ್ತಿಕೊಂಡು ಮತ್ತೆ ಹೆಗಲು ಕೊಟ್ಟ. ಗೋಡೆಯ ಆಚೆ, ನಲ್ಲಿಯ ಕಡೆಯ ರಸ್ತೆ ಇನ್ನೂ ಕತ್ತಲಾಗಿತ್ತು, ಯಾರಿಗೂ ಕಾಣಲಿಲ್ಲ. ಈಚೆ ಬೆಳಕಿತ್ತು, ಕಲ್ಲು ಎಲ್ಲಿ ಕೂರಬೇಕು ಅಂತ ಚೆನ್ನಾಗಿ ಕಾಣುತ್ತಿತ್ತು. ಲೆನ್ಸಕ್ಕ ಮೋರಿಯೊಳಗೆ ಮಂಡಿಯವರೆಗೆ ನಿಂತು ಒಂದೊಂದು ಕಲ್ಲನ್ನೂ ಕೂರಿಸಿದಳು. ಅಲ್ಲಾಡುತ್ತದೆಯೇ ಅಂತ ಹೆಬ್ಬೆರಳಿನಿಂದ ಸಂದು ತಡವಿ ನೋಡಿದಳು. ತಂಗಿ ಪಕ್ಕದಲ್ಲಿ ಕೂತು ಸಂದಿಗೆ ಮಣ್ಣು ಮೆತ್ತಿದಳು. ತಂಗಿ ಬಿದ್ದಿದ್ದ ಜಾಗಕ್ಕೆ ಬಂದಾಗ ಅವಳು ಅಕ್ಕನ ಹೆಗಲು ಹಿಡಿದುಕೊಂಡಳು. ಆಮೇಲೆ ಅಲ್ಲೂ ಒಂದು ಕಲ್ಲು ಕೂರಿಸಿದರು.

ನಾಲ್ಕನೆಯ ದಿನ ಮೇಸ್ತ್ರಿ ಕೊನೆಯ ಕಂಬ ಇಳಿದ. ಆ ಸಂಜೆ ಓಣಿ ಪೂರ್ತಿ ಕತ್ತಲಾಯಿತು. ಲೆನ್ಸಕ್ಕನ ಬಾಗಿಲಿನಿಂದ ನಲ್ಲಿಯವರೆಗೆ ಅರವತ್ತೆರಡು ಚಪ್ಪಡಿ ಸಾಲಾಗಿ ಬಿದ್ದಿದ್ದವು.

ಬಡಾವಣೆಯ ರಸ್ತೆ ಬೆಳಗಿತು. ಬೆಳಗಿದ ಮೇಲೆ, ಹಗಲಲ್ಲಿ ಯಾರೂ ತಲೆಯೆತ್ತಿ ನೋಡಿರದ ಗೋಡೆಯ ಬೋಳು ತಲೆ ಎಲ್ಲರಿಗೂ ಕಂಡಿತು. ಮರುದಿನ ಸಂಜೆ ಕಾರ್ಯದರ್ಶಿ ಗೇಟಿನವನನ್ನು ಕರೆದುಕೊಂಡು, ಕೈಯಲ್ಲಿ ಟಾರ್ಚು ಹಿಡಿದು, ಮೊದಲ ಸಲ ಗೋಡೆಯ ಹಿಂದಕ್ಕೆ ಬಂದ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಗಟ್ಟಿ ನೆಲ ಹುಡುಕುತ್ತ ಹುಡುಕುತ್ತ ಬಂದು ಒಂದು ಚಪ್ಪಡಿಯ ಮೇಲೆ ನಿಂತ.

"ಈ ಕಲ್ಲು ಎಲ್ಲಿಂದ ಬಂತು?"

ಟಾರ್ಚಿನ ಬೆಳಕು ಲೆನ್ಸಕ್ಕನ ಮುಖಕ್ಕೆ ಬಂದು ನಿಂತಿತು.

"ನಿನ್ನನ್ನೇ ಕೇಳ್ತಿರೋದು. ಇದು ನಮ್ಮ ಗೋಡೆ ಕಲ್ಲು. ಯಾರು ತಂದ್ರು? ನೀನು ನೋಡಿಲ್ವಾ?"

"ಇಲ್ಲಿ ಕತ್ತಲು ಸಾರ್," ಅವಳು ಅಂದಳು. "ಏನೂ ಕಾಣಲ್ಲ."

"ನಾಳೆ ಸಂಜೆಯೊಳಗೆ ಒಂದೊಂದು ಕಲ್ಲೂ ವಾಪಸ್ ಗೋಡೆ ಮೇಲಿರಬೇಕು. ಗೊತ್ತಾಯ್ತಾ?"

ಅಷ್ಟರಲ್ಲಿ ಓಣಿಯ ಕೊನೆಯಲ್ಲಿ ನಲ್ಲಿ ಗೊರಗೊರ ಅಂದಿತು. ತಂಗಿ ಕೊಡ ಎತ್ತಿಕೊಂಡು ಹೊಸ್ತಿಲು ದಾಟಿದಳು. ಕತ್ತಲಲ್ಲಿ, ಕಾಲು ತಡವದೆ, ಕಲ್ಲಿನ ಮೇಲೆ ನೇರ ನಡೆದು ಬಂದು ಕಾರ್ಯದರ್ಶಿಯ ಮುಂದೆ ನಿಂತಳು.

"ಸ್ವಲ್ಪ ಪಕ್ಕಕ್ಕೆ ಬನ್ನಿ. ನೀರು ಎಂಟಕ್ಕೆ ನಿಂತುಹೋಗುತ್ತೆ."

ಅವನು ಸರಿದ. ಸರಿಯಲು ಜಾಗ ಇರಲಿಲ್ಲ, ಯಾರದೋ ಮನೆಯ ಬಾಗಿಲಿಗೆ ಬೆನ್ನು ಆನಿಸಿ ನಿಂತ.

ಕಲ್ಲನ್ನು ಯಾರೂ ವಾಪಸ್ ಇಡಲಿಲ್ಲ. ಹತ್ತೊಂಬತ್ತು ದಿನದ ಕೂಲಿಯನ್ನೂ ಯಾರೂ ಕೊಡಲಿಲ್ಲ.